ಹಳೇ ಟ್ರ್ಯಾಕ್ಟರಿಗೆ ಕತ್ತರಿ ಸೀಟು: ಯಾವ ನೋವಿಗೆ ಮದ್ದು, ಯಾವುದಕ್ಕಲ್ಲ

ದಿನವಿಡೀ ಹಳೇ ಟ್ರ್ಯಾಕ್ಟರ್ ಓಡಿಸಿ ಇಳಿದವರನ್ನು ದೂರದಿಂದಲೇ ಗುರುತಿಸಬಹುದು. ಒಂದು ಕೈ ಮಡ್‌ಗಾರ್ಡ್ ಹಿಡಿದಿರುತ್ತದೆ, ಇನ್ನೊಂದು ಸೊಂಟದ ಮೇಲಿರುತ್ತದೆ, ಮೊದಲ ಹತ್ತು ಹೆಜ್ಜೆ ಬಾಗಿಕೊಂಡೇ ಸಾಗುತ್ತವೆ. ಈ ನೋವಿಗೆಂದು ಮಾರುವ ಸಾಮಾನಿಗೆ ಬರವಿಲ್ಲ: ಜೆಲ್ ದಿಂಬು, ಸೊಂಟದ ಬೆಲ್ಟು, ಒಂದೇ ಕೈಯಲ್ಲಿ ತಿರುಗಿಸಲೆಂದು ಸ್ಟೀರಿಂಗ್ ಚಕ್ರಕ್ಕೆ ಬಿಗಿಯುವ ಗುಂಡಗಿನ ಸ್ಟೀರಿಂಗ್ ನಾಬ್, ಕೊನೆಗೆ ಇಡೀ ಸೀಟನ್ನೇ ಬದಲಿಸುವ, ಕತ್ತರಿಯಂತೆ ಹೆಣೆದ ತೋಳುಗಳ ಮೇಲೆ ಏರಿ ಇಳಿಯುವ ಕತ್ತರಿ ಸಸ್ಪೆನ್ಷನ್ ಸೀಟು. ಈ ವಿಮರ್ಶೆ ಮುಖ್ಯವಾಗಿ ಆ ಕೊನೆಯದರದ್ದು, ಅದರಲ್ಲೂ ಗಾಳಿ ಇಲ್ಲದೆ ಬರೀ ಸ್ಪ್ರಿಂಗ್ ಮೇಲೆ ನಿಲ್ಲುವ ಬಗೆಯದ್ದು. ಒಂದೇ ವಿನ್ಯಾಸ ಹತ್ತಾರು ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ಬರುವುದರಿಂದ ಕಂಪನಿಗಳ ಹೆಸರು ಹಿಡಿದು ಮಾತಾಡಿಲ್ಲ. ಯಾವ ಸೀಟು ಮುಂದಿಟ್ಟರೂ ಪರೀಕ್ಷಿಸುವ ಬಗೆ ಒಂದೇ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಕೆಳಗಿನಿಂದ ಮೇಲಕ್ಕೆ ಎತ್ತಿ ಕುಕ್ಕುವ ಪೆಟ್ಟಿಗೆ ಈ ಸೀಟು ನಿಜಕ್ಕೂ ಒಳ್ಳೆಯದು. ಪಕ್ಕಕ್ಕೆ ಓಲಾಡುವುದಕ್ಕೆ, ಹಿಂದೆ ತಿರುಗಿ ನೋಡಿ ಹಿಡಿದ ಕತ್ತಿಗೆ, ಕ್ಲಚ್ ತುಳಿದು ಸೋತ ಮಂಡಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಇನ್ನು ಕೂರುವವರ ತೂಕಕ್ಕೆ ಸ್ಪ್ರಿಂಗನ್ನು ಹೊಂದಿಸುವ ತೂಕದ ನಾಬ್ ತಿರುಗಿಸದೆ ಕೂತರೆ ಹಳೇ ಕಬ್ಬಿಣದ ತಟ್ಟೆಯೇ ವಾಸಿ ಅನ್ನಿಸುವಷ್ಟು ಕೆಟ್ಟದಾಗಿ ಕುಕ್ಕುತ್ತದೆ. ಸೀಟು ಸರಿಯಿಲ್ಲ ಎಂದು ಬೈಯುವವರಲ್ಲಿ ಬಹಳ ಜನ ಈ ನಾಬನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಪೆಟ್ಟು ಎಲ್ಲಿಂದ ಬರುತ್ತದೆ

ಹಳೇ ಟ್ರ್ಯಾಕ್ಟರಿನಲ್ಲಿ ಹಿಂದಿನ ಆಕ್ಸಲ್ಲಿಗೂ ಗೇರ್‌ಬಾಕ್ಸಿಗೂ ನಡುವೆ ಸ್ಪ್ರಿಂಗ್ ಎಂಬುದೇ ಇಲ್ಲ. ಎರಡೂ ಸೇರಿ ಒಂದೇ ಕಬ್ಬಿಣದ ಗಡ್ಡೆ. ಮೆತ್ತಗಿರುವುದು ಟೈರಿನ ಗಾಳಿ ಮಾತ್ರ. ಅದೂ ಮೊದಲಿನಿಂದ ಇದ್ದದ್ದಲ್ಲ. 1932ರಲ್ಲಿ ಅಲಿಸ್-ಚಾಲ್ಮರ್ಸ್ ತನ್ನ ಮಾಡೆಲ್ ಯು ಟ್ರ್ಯಾಕ್ಟರಿಗೆ ಗಾಳಿ ಟೈರು ಹಾಕಿ ಮಾರುವವರೆಗೆ ಹಲ್ಲಿನ ಉಕ್ಕಿನ ಚಕ್ರಗಳೇ ರೂಢಿ. 1946ರಿಂದ 1956ರವರೆಗೆ ತಯಾರಾದ ಫರ್ಗ್ಯುಸನ್ ಟಿಇ20 ಕಾಲಕ್ಕೂ ಸೀಟೆಂದರೆ ಉಕ್ಕಿನ ಪಟ್ಟಿಯೊಂದರ ತುದಿಗೆ ಬಿಗಿದ ಕಬ್ಬಿಣದ ತಟ್ಟೆ. ಆ ಪಟ್ಟಿ ಒಂದಿಷ್ಟು ಬಾಗುತ್ತದೆ, ನಿಜ. ಆದರೆ ಬಾಗಿದ ಮೇಲೆ ಅದರ ಕುಣಿತ ನಿಲ್ಲಿಸುವ ಶಾಕ್ ಅಬ್ಸಾರ್ಬರ್ ಇಲ್ಲ.

ಟೈರಿನ ಮೇಲೆ ಟ್ರ್ಯಾಕ್ಟರ್ ಸೆಕೆಂಡಿಗೆ ಸುಮಾರು 2ರಿಂದ 3 ಸಲ ಮೇಲೆ ಕೆಳಗೆ ಕುಣಿಯುತ್ತದೆ. ಕೂತ ಮನುಷ್ಯನ ಬೆನ್ನುಮೂಳೆಗೆ ಹೆಚ್ಚು ತಟ್ಟುವುದು ಸೆಕೆಂಡಿಗೆ 4ರಿಂದ 8 ಸಲದ ಕುಲುಕು. ಮೈ ಕಂಪನ ಅಳೆಯುವ ಐಎಸ್ಒ 2631 ಮಾನದಂಡ ಮೇಲೆ-ಕೆಳಗಿನ ಕಂಪನದಲ್ಲಿ ಹೆಚ್ಚು ತೂಕ ಕೊಡುವುದೂ ಈ ಆಸುಪಾಸಿಗೇ. ಹೆಂಟೆ ಮೇಲೆ ಹತ್ತಿದಾಗ, ಸಾಲು ಅಡ್ಡ ದಾಟಿದಾಗ, ಗಟ್ಟಿ ರಸ್ತೆಯಲ್ಲಿ ಟೈರಿನ ಹಲ್ಲು ಬಡಿದಾಗ ಈ ಎರಡೂ ಬಗೆಯ ಕುಲುಕು ಒಟ್ಟಿಗೇ ಬರುತ್ತವೆ. ಕೆಳಬೆನ್ನಿನ ಮೂಳೆಗಳ ನಡುವಿನ ಬಿಲ್ಲೆಗಳು (ಡಿಸ್ಕ್) ಪ್ರತಿ ಪೆಟ್ಟಿಗೂ ಅಮುಕಿ ಬಿಟ್ಟುಕೊಳ್ಳುತ್ತವೆ, ಅಕ್ಕಪಕ್ಕದ ಸ್ನಾಯುಗಳು ದಿನವಿಡೀ ಬಿಗಿ ಹಿಡಿದು ಅವನ್ನು ಕಾಯುತ್ತವೆ. ಸಂಜೆ ನೋಯುವುದು ಬಹುಪಾಲು ಈ ಸ್ನಾಯುಗಳೇ. ವರ್ಷಗಟ್ಟಲೆ ಹೀಗೇ ನಡೆದರೆ ಬಿಲ್ಲೆಗಳ ಸರದಿ.

ಯಾವ ಸ್ಪ್ರಿಂಗ್ ಸೀಟೇ ಆಗಲಿ ತನ್ನ ಸ್ವಂತ ಕುಣಿತದ ವೇಗಕ್ಕಿಂತ ಸುಮಾರು 1.4 ಪಟ್ಟು ಮೇಲಿನ ಕಂಪನವನ್ನಷ್ಟೇ ತಗ್ಗಿಸುತ್ತದೆ. ಅದಕ್ಕಿಂತ ಕೆಳಗಿನದನ್ನು ಹಾಗೇ ದಾಟಿಸುತ್ತದೆ, ತನ್ನ ವೇಗಕ್ಕೆ ಸರಿಹೊಂದಿದ್ದನ್ನು ಹೆಚ್ಚಿಸಿಯೇ ಕೊಡುತ್ತದೆ. ಸೀಟಿನ ಕುಣಿತ ಸೆಕೆಂಡಿಗೆ 1.5 ಸಲ ಇದ್ದರೆ 2.1ರಿಂದ ಮೇಲಿನದೆಲ್ಲ ತಗ್ಗುತ್ತದೆ, ಅಂದರೆ ಟ್ರ್ಯಾಕ್ಟರಿನ ಕುಣಿತ ಹೆಚ್ಚುಕಡಿಮೆ ಪೂರ್ತಿ ಹಿಡಿತಕ್ಕೆ ಸಿಕ್ಕಿತು. ಅದೇ ಗಟ್ಟಿ ಸ್ಪ್ರಿಂಗಿನ ಸೀಟು ತಾನೇ 2.5 ಸಲ ಕುಣಿಯುವಂತಿದ್ದರೆ ಟ್ರ್ಯಾಕ್ಟರಿನ ತಾಳಕ್ಕೆ ತಾನೂ ತಾಳ ಹಾಕುತ್ತದೆ. ಸಣ್ಣ ಓಟದ, ಅಂದರೆ ಮೇಲೆ ಕೆಳಗೆ ಸ್ವಲ್ಪವೇ ದೂರ ಚಲಿಸುವ ಅಗ್ಗದ ಸೀಟುಗಳು ಹೆಚ್ಚಾಗಿ ಎಡವುವುದು ಇಲ್ಲೇ. ನೋಡಲು ಕತ್ತರಿ ಇದೆ, ಸ್ಪ್ರಿಂಗ್ ಇದೆ, ಅವನ್ನು ಮುಚ್ಚುವ ಕಪ್ಪು ರಬ್ಬರ್ ಗುಸ್ಸೆಯೂ ಇದೆ, ಕೆಲಸ ಮಾತ್ರ ಇಲ್ಲ.

ದಪ್ಪ ಮೆತ್ತನೆ ಫೋಮ್ ದಿಂಬಿನದ್ದೂ ಇದೇ ಕತೆ. ಆಳು ಕೂತಾಗ ಒಂದೂವರೆ ಸೆಂ.ಮೀ. ತಗ್ಗುವ ದಿಂಬು ಸೆಕೆಂಡಿಗೆ 4 ಸಲದ ಆಸುಪಾಸಿನಲ್ಲಿ ಕುಣಿಯುತ್ತದೆ, ಬೆನ್ನಿಗೆ ಬೇಡವಾದ ಜಾಗವೇ ಅದು. ಕೂತ ಮೊದಲ ಹತ್ತು ನಿಮಿಷ ಹಿತ, ಆಮೇಲೆ ಬೆನ್ನು ಹೇಳುವುದೇ ಬೇರೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಕ್ಯಾಟಲಾಗಿನಲ್ಲಿ ‘ಆರಾಮದಾಯಕ’ ಎಂದು ಬರೆದಿರುವುದನ್ನು ಬದಿಗಿಡಿ. ನೋಡಬೇಕಾದ ಸಂಖ್ಯೆ ಎರಡು: ಸಸ್ಪೆನ್ಷನ್ ಓಟ ಎಷ್ಟು, ತೂಕದ ಹೊಂದಾಣಿಕೆ ಎಷ್ಟರಿಂದ ಎಷ್ಟು. ಓಟ 80 ಮಿ.ಮೀ. ಅಥವಾ ಹೆಚ್ಚಿರಲಿ; 60ಕ್ಕಿಂತ ಕಡಿಮೆ ಇದ್ದರೆ ಹೊಲದ ಕೆಲಸಕ್ಕೆ ಬೇಡ. ತೂಕ 50ರಿಂದ 130 ಕೆ.ಜಿ. ವರೆಗೆ ಹೊಂದುವ ಸೀಟುಗಳು ಸಾಮಾನ್ಯವಾಗಿ ಸಿಗುತ್ತವೆ. ಹೊಂದಾಣಿಕೆಯೇ ಇಲ್ಲದ, ‘ಎಲ್ಲರಿಗೂ ಒಂದೇ’ ಎನ್ನುವ ಸೀಟು ಯಾರಿಗೂ ಸರಿಹೋಗುವುದಿಲ್ಲ.

ಸ್ಪ್ರಿಂಗ್ ಮೆತ್ತಗಿದೆಯೋ ಗಟ್ಟಿಯೋ ಎಂದು ಕ್ಯಾಟಲಾಗ್ ಹೇಳುವುದಿಲ್ಲ. ಅದನ್ನು ಅಳೆಯಲು ಒಂದು ಟೇಪು, 10 ಕೆ.ಜಿ. ತೂಕ ಸಾಕು. ತೂಕದ ನಾಬನ್ನು ನಿಮ್ಮ ತೂಕಕ್ಕೆ ತಿರುಗಿಸಿ ಕೂರಿ. ಕಾಲು ಸಹಜವಾಗಿ ಮುಂದೆ ಊರಿರಲಿ. ಸೀಟಿನ ಮೇಲ್ಭಾಗದ ಕಬ್ಬಿಣದ ಚೌಕಟ್ಟಿನಿಂದ ನೆಲಕ್ಕೆ ಎಷ್ಟಿದೆ ಎಂದು ಇನ್ನೊಬ್ಬರು ಅಳೆಯಲಿ. ದಿಂಬಿನಿಂದ ಅಳೆದರೆ ಫೋಮ್ ತಗ್ಗಿದ್ದೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಆಮೇಲೆ ಆ 10 ಕೆ.ಜಿ. ತೂಕವನ್ನು ತೊಡೆಯ ಮೇಲೆ, ಮೈಗೆ ಒತ್ತಿಕೊಂಡು ಇಟ್ಟು, ಸೀಟನ್ನು ಒಮ್ಮೆ ಮೆಲ್ಲಗೆ ಕುಲುಕಿಸಿ ಮತ್ತೆ ಅಳೆಯಿರಿ. 75 ಕೆ.ಜಿ. ಆಸುಪಾಸಿನ ಆಳಿಗೆ ಚೌಕಟ್ಟು ಇನ್ನೂ 15 ಮಿ.ಮೀ.ಗಿಂತ ಹೆಚ್ಚು ಇಳಿದರೆ ಸ್ಪ್ರಿಂಗ್ ಬಹಳ ಚೆನ್ನಾಗಿದೆ, ಕುಣಿತ ಸೆಕೆಂಡಿಗೆ ಒಂದೂವರೆ ಸಲದ ಹತ್ತಿರ. 10 ಮಿ.ಮೀ. ಇಳಿದರೆ ಕುಣಿತ 2ರ ಹತ್ತಿರ, ನಡೆಯುತ್ತದೆ. 5 ಮಿ.ಮೀ. ಅಥವಾ ಕಡಿಮೆ ಇಳಿದರೆ ಆ ಸೀಟನ್ನು ಅಲ್ಲೇ ಬಿಟ್ಟು ಬನ್ನಿ. ಕುಲುಕಿಸಬೇಕು ಎಂದದ್ದಕ್ಕೆ ಕಾರಣವಿದೆ: ಹೊಸ ಸೀಟಿನ ಪಿನ್ನುಗಳು ಬಿಗಿಯಾಗಿದ್ದು ಸ್ಪ್ರಿಂಗನ್ನು ಪೂರ್ತಿ ಇಳಿಯಲು ಬಿಡುವುದಿಲ್ಲ.

ಎರಡನೆಯದು ಶಾಕ್ ಅಬ್ಸಾರ್ಬರ್ ಪರೀಕ್ಷೆ. ಕೂತಲ್ಲೇ ಒಮ್ಮೆ ಜೋರಾಗಿ ಕೆಳಕ್ಕೆ ಒತ್ತಿ ಬಿಡಿ. ಸೀಟು ಮೇಲೆ ಬಂದು, ಅರೆಮನಸ್ಸಿನಿಂದ ಇನ್ನೊಮ್ಮೆ ತಗ್ಗಿ ನಿಲ್ಲಬೇಕು. ಮೂರ್ನಾಲ್ಕು ಸಲ ಉಯ್ಯಾಲೆಯಾಡಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಅಥವಾ ಹಾಕಿಯೇ ಇಲ್ಲ. ಬಿಟ್ಟ ತಕ್ಷಣ ಅಂಟಿಕೊಂಡಂತೆ ನಿಧಾನಕ್ಕೆ ಮೇಲೆ ಬಂದರೆ ಅದು ಅತಿ ಬಿಗಿ. ಸಾಲು ಸಾಲು ಹೆಂಟೆಯ ಮೇಲೆ ಅಂಥ ಸೀಟು ಪ್ರತಿ ಪೆಟ್ಟಿಗೂ ಇನ್ನಷ್ಟು ಕೆಳಗೇ ಸಿಕ್ಕಿಕೊಂಡು ಕೊನೆಗೆ ತಳ ಮುಟ್ಟುತ್ತದೆ.

ಸ್ಪ್ರಿಂಗಿನ ಬದಲು ಗಾಳಿ ಚೀಲದ ಮೇಲೆ ನಿಲ್ಲುವ ಗಾಳಿ ಸೀಟು ಇದಕ್ಕಿಂತ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ 12 ವೋಲ್ಟ್ ಬೇಕು, ಎತ್ತರವೂ ಸಾಮಾನ್ಯವಾಗಿ ಹೆಚ್ಚು, ಕ್ಯಾಬಿನ್ ಇಲ್ಲದ ಗಾಡಿಯಲ್ಲಿ ಮಳೆಗೂ ದೂಳಿಗೂ ಅದರ ಕಂಪ್ರೆಸರ್ ಬೇಗ ಸೋಲುತ್ತದೆ. ತೆರೆದ ಹಳೇ ಟ್ರ್ಯಾಕ್ಟರಿಗೆ ಸ್ಪ್ರಿಂಗೇ ಸಾಕು.

ಕೂರಿಸುವ ಮುನ್ನ ಅಳತೆ

ವಾಪಸ್ ಬರುವ ಸೀಟುಗಳಲ್ಲಿ ಹೆಚ್ಚಿನವು ಕೆಟ್ಟು ಬರುವುದಿಲ್ಲ, ಕೂರದೆ ಬರುತ್ತವೆ. ಹಳೇ ತಟ್ಟೆ ಸೀಟು ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಂತೆ ತಗ್ಗಾಗಿರುತ್ತದೆ. ಕತ್ತರಿ ಸೀಟು ಆಳು ಕೂತ ಮೇಲೂ ಬುಡದಿಂದ 20 ಸೆಂ.ಮೀ.ಗಿಂತ ಮೇಲೆಯೇ ನಿಲ್ಲುವುದು ಸಾಮಾನ್ಯ. ಆದ್ದರಿಂದ ಮೊದಲು ಹಳೇ ಸೀಟಿನ ಮೇಲೆ ಕೂತು, ತೊಡೆಗೂ ಸ್ಟೀರಿಂಗ್ ಚಕ್ರದ ಕೆಳ ಅಂಚಿಗೂ ಎಷ್ಟು ಜಾಗ ಎಂದು ಅಳೆಯಿರಿ. ಹೊಸ ಸೀಟು ಎಷ್ಟು ಮೇಲೆ ಬರುತ್ತದೋ ಅಷ್ಟನ್ನು ಅದರಿಂದ ಕಳೆಯಿರಿ. ಕನಿಷ್ಠ 6 ಸೆಂ.ಮೀ. ಉಳಿಯಬೇಕು, ಅದೂ ಸೀಟು ಓಟದ ತುದಿಗೆ ಚಿಮ್ಮಿದಾಗಿನ ಲೆಕ್ಕದಲ್ಲಿ. ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ತೊಡೆ ಸ್ಟೀರಿಂಗಿಗೆ ಸಿಕ್ಕಿ, ತಿರುಗಿಸಬೇಕಾದ ಹೊತ್ತಿಗೆ ಚಕ್ರ ತಿರುಗುವುದಿಲ್ಲ. ಜಾಗ ಸಾಲದಿದ್ದರೆ ಸಸ್ಪೆನ್ಷನ್ ಬೆನ್ನಿನ ಹಿಂದೆ ಇರುವ ಸೀಟು ನೋಡಬಹುದು. ಅದು ತಗ್ಗು, ಆದರೆ ಹಿಂದಕ್ಕೆ ಜಾಗ ಕೇಳುತ್ತದೆ.

ಹಿಂದಿನ ಜಾಗ ಅಳೆಯುವಾಗ ಉಪಕರಣ ಜೋಡಿಸಿ, ಹೈಡ್ರಾಲಿಕ್ಕನ್ನು ಪೂರ್ತಿ ಮೇಲೆತ್ತಿ ನೋಡಬೇಕು. ಬರೀ ಟ್ರ್ಯಾಕ್ಟರಿನ ಮೇಲೆ ಅಳೆದು ಕೂರಿಸಿದ ಸೀಟಿನ ಬೆನ್ನಿಗೆ ನೇಗಿಲಿನ ಚೌಕಟ್ಟೋ ಉಪಕರಣವನ್ನು ಮೇಲುಗಡೆ ಹಿಡಿಯುವ ಟಾಪ್ ಲಿಂಕಿನ ಗೂಟವೋ ಬಂದು ಗುದ್ದಿದ ಉದಾಹರಣೆಗಳು ಬೇಕಾದಷ್ಟಿವೆ. ಬಲಬದಿಯ ಹೈಡ್ರಾಲಿಕ್ ಲಿವರ್ ಅದರ ಪೂರ್ತಿ ಓಟದಲ್ಲಿ ಸೀಟಿಗೆ ತಾಗಬಾರದು. ತೋಳಿನಾಸರೆ ಅಡ್ಡ ಬಂದರೆ ಅದನ್ನೇ ಬಿಚ್ಚಿ ಹಾಕಿ. ಗೇರ್ ಆಯಿಲ್ ಸುರಿಯುವ ಬಿರಡೆ, ಅಳೆಯುವ ಕಡ್ಡಿ, ಕೆಲವು ಮಾದರಿಗಳಲ್ಲಿ ಬ್ಯಾಟರಿ ಕೂಡ ಸೀಟಿನಡಿಯೇ ಇರುತ್ತವೆ. ಅವುಗಳಿಗೆ ಕೈ ಹೋಗದಂತೆ ಪ್ಲೇಟ್ ಹೊಡೆದುಬಿಟ್ಟರೆ ಆಯಿಲ್ ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಎತ್ತರ ಏರಿದರೆ ಪೆಡಲ್ ದೂರವಾಗುತ್ತದೆ. ಕ್ಲಚ್ ಪೂರ್ತಿ ತುಳಿದಾಗಲೂ ಮಂಡಿ ಒಂದಿಷ್ಟು ಬಾಗಿರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಪ್ರತಿ ಸಲವೂ ಸೊಂಟ ಒಂದು ಬದಿಗೆ ವಾಲುತ್ತದೆ, ಎಡ ಪೃಷ್ಠದ ಒಳಗೆ ನೋವು ಶುರುವಾಗುತ್ತದೆ. ಸೀಟನ್ನು ಮುಂದಕ್ಕೆ ಎಳೆದು ಸರಿಮಾಡಬಹುದು, ಆದರೆ ದಿಂಬಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಮೂರು ಬೆರಳಿನಷ್ಟು ಜಾಗ ಬಿಡಲೇಬೇಕು. ಅಂಚು ಅಲ್ಲಿ ಒತ್ತಿದರೆ ಪಾದದವರೆಗೂ ಜೋಮು ಹಿಡಿಯುತ್ತದೆ.

ಜೋಡಣೆಗೆ 6ರಿಂದ 8 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಬೇಕು. ಹಳೇ ಸೀಟಿನ ಬೋಲ್ಟ್ ತೂತುಗಳನ್ನೇ ಬಳಸಿ ಪ್ಲೇಟನ್ನು ಕೂರಿಸಿ, ಹೊಸ ಸೀಟಿನ ಹಳಿಗಳಿಗೆ ಬೇರೆ ತೂತು ಹೊಡೆಯುವುದು ಸರಿಯಾದ ದಾರಿ. ಗೇರ್‌ಬಾಕ್ಸಿನ ಮೇಲ್ಮುಚ್ಚಳ ಬೀಡುಕಬ್ಬಿಣ. ಅದಕ್ಕೆ ವೆಲ್ಡಿಂಗ್ ಮುಟ್ಟಿಸಬೇಡಿ, ಬಿರುಕು ಬಿಡುತ್ತದೆ. ಕತ್ತರಿಯ ತೋಳುಗಳಿಗಂತೂ ವೆಲ್ಡಿಂಗ್ ಬೇಡವೇ ಬೇಡ. ಬೋಲ್ಟ್ 8.8 ದರ್ಜೆಯದಿರಲಿ, ನಟ್ಟಿನ ಒಳಗೆ ನೈಲಾನ್ ಬಳೆ ಇರಲಿ. ಎಂ8 ಬೋಲ್ಟಿಗೆ 25, ಎಂ10 ಬೋಲ್ಟಿಗೆ 49 ನ್ಯೂಟನ್ ಮೀಟರ್ ಬಿಗಿ ಸಾಕು. ಸೀಟಿನ ಭಾರ ಪ್ಲೇಟಿನಾಚೆ ಹಿಂದಕ್ಕೆ ಜೋತಾಡಬಾರದು. ಅಂಥ ಜೋಡಣೆಯಲ್ಲಿ ಹಿಂದಿನ ಎರಡು ತೂತುಗಳ ಸುತ್ತ ಪ್ಲೇಟ್ ಸೀಳುತ್ತದೆ, ಅದೂ ಒಂದೇ ಹಂಗಾಮಿನೊಳಗೆ ಆದರೂ ಅಚ್ಚರಿಯಿಲ್ಲ. ಮೊದಲ 10 ಗಂಟೆ ಓಡಿದ ಮೇಲೆ ಎಲ್ಲ ನಟ್ಟಿಗೂ ಇನ್ನೊಮ್ಮೆ ಪಾನಾ ಹಾಕಿ.

ಸುರಕ್ಷತೆಯ ಮಾತೊಂದು ಇಲ್ಲೇ ಹೇಳಬೇಕು. ಹೊಸ ಸೀಟಿನ ಜೊತೆ ಸೀಟ್ ಬೆಲ್ಟ್ ಬಂದಿರಬಹುದು. ಮಗುಚಿದಾಗ ಕಾಪಾಡುವ ರೋಲ್ ಬಾರ್ ಇರುವ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಹಾಕಲೇಬೇಕು. ಬಾರ್ ಇಲ್ಲದ ಗಾಡಿಯಲ್ಲಿ ಹಾಕಬಾರದು, ಮಗುಚಿದರೆ ಆಳನ್ನು ಕಬ್ಬಿಣದಡಿ ಕಟ್ಟಿಹಾಕಿದಂತೆ. ಸೀಟು ಎತ್ತರವಾದಷ್ಟೂ ತಲೆ ರೋಲ್ ಬಾರಿನ ಮೇಲ್ಕಂಬಿಗೆ ಹತ್ತಿರವಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿ.

ನಾಬ್ ತಿರುಗಿಸುವುದು

ಸೀಟು ಕೂರಿಸಿ ಆಯಿತು. ಈಗ ಅದರ ಜೀವ ಇರುವುದು ತೂಕದ ನಾಬಿನಲ್ಲಿ. ದಿನದ ಕೆಲಸದ ಬಟ್ಟೆ, ಬೂಟು ಹಾಕಿಕೊಂಡೇ ಕೂರಿ. 80 ಮಿ.ಮೀ. ಓಟದ ಸೀಟು ನಿಮ್ಮ ಭಾರಕ್ಕೆ ಸುಮಾರು 40 ಮಿ.ಮೀ. ತಗ್ಗಿ, ಓಟದ ನಟ್ಟನಡುವೆ ನಿಲ್ಲಬೇಕು. ಸೂಚಕ ಇರುವ ಸೀಟಿನಲ್ಲಿ ಬಾಣ ಹಸಿರಿನ ಮೇಲೆ ಬರುವವರೆಗೆ ತಿರುಗಿಸಿ. ನಾಬಿನ ಮೇಲೆ ಬರೆದ ಕೆ.ಜಿ. ನಿಮ್ಮ ಇಡೀ ದೇಹದ ತೂಕ; ಕಾಲಿನ ಒಂದಿಷ್ಟು ಭಾರ ಫುಟ್‌ಬೋರ್ಡಿಗೆ ಹೋಗುವುದನ್ನು ತಯಾರಕರೇ ಕಳೆದಿರುತ್ತಾರೆ, ನೀವು ಮತ್ತೆ ಕಳೆಯಬೇಡಿ. ಓಡಿಸುವವರು ಬದಲಾದರೆ ನಾಬೂ ಬದಲಾಗಬೇಕು. 60 ಕೆ.ಜಿ. ಆಳಿಗೆ ಹೊಂದಿಸಿದ ಸೀಟಿನ ಮೇಲೆ 95 ಕೆ.ಜಿ. ಆಳು ಕೂತರೆ ಅದು ಆಗಲೇ ತಳದ ಹತ್ತಿರ ಇರುತ್ತದೆ, ಪ್ರತಿ ಗುಂಡಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಆ ಪೆಟ್ಟು ತಟ್ಟೆ ಸೀಟಿನ ಪೆಟ್ಟಿಗಿಂತ ಚೂಪು.

ಹೊಂದಿಸಿದ್ದು ಸರಿಯಿದೆಯೇ ಎಂದು ಹೊಲದಲ್ಲಿ ತಿಳಿಯಲು ಸುಲಭದ ಉಪಾಯವೊಂದಿದೆ. ಗುಸ್ಸೆಯನ್ನು ಮೇಲೆ ಸರಿಸಿ, ಒಳಗಿನ ಶಾಕ್ ಅಬ್ಸಾರ್ಬರಿನ ಹೊಳೆಯುವ ಸರಳಿಗೆ ತೆಳು ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಸಡಿಲವಾಗಿ, ಆದರೆ ತಾನಾಗಿ ಜಾರದಷ್ಟು ಬಿಗಿಯಾಗಿ ಸುತ್ತಿ. ಅದನ್ನು ಶಾಕ್ ಅಬ್ಸಾರ್ಬರಿನ ಕೊಳವೆಯ ಬಾಯಿಗೆ ತಾಗಿಸಿಟ್ಟು ಒಂದು ಗಂಟೆ ಉಳುಮೆ ಮಾಡಿ ನೋಡಿ. ಸರಳು ಒಳಹೋದಾಗಲೆಲ್ಲ ಕೊಳವೆ ಆ ಟೈಯನ್ನು ದೂಡಿರುತ್ತದೆ, ಅದು ನಿಂತ ಜಾಗವೇ ಸೀಟು ತಗ್ಗಿದ ಗರಿಷ್ಠ ಮಿತಿ. ಟೈ ತುದಿವರೆಗೂ ಹೋಗಿ ನಜ್ಜುಗುಜ್ಜಾಗಿದ್ದರೆ ಸೀಟು ತಳ ಮುಟ್ಟಿದೆ, ನಾಬನ್ನು ಒಂದೆರಡು ಸುತ್ತು ಏರಿಸಿ. ಅರ್ಧದಾರಿಯನ್ನೂ ದಾಟದಿದ್ದರೆ ಸೀಟು ಅತಿ ಗಟ್ಟಿ, ಇಳಿಸಿ. ಓಟದ ಮುಕ್ಕಾಲು ಭಾಗದ ಆಸುಪಾಸು ನಿಂತರೆ ಹೊಂದಿಕೆ ಸರಿ. ಶಾಕ್ ಅಬ್ಸಾರ್ಬರನ್ನು ಎಳೆತಕ್ಕೆ ಜೋಡಿಸಿದ ಸೀಟುಗಳಲ್ಲಿ ಮಾತ್ರ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ಕತ್ತರಿಯ ತೋಳಿಗೂ ತಳದ ತಟ್ಟೆಗೂ ನಡುವೆ ಒಂದು ಉಂಡೆ ಜೇಡಿಮಣ್ಣು ಅಂಟಿಸಿ, ಅದು ಎಷ್ಟು ಚಪ್ಪಟೆಯಾಯಿತು ಎಂದು ನೋಡಬಹುದು.

ಇಷ್ಟೆಲ್ಲ ಮಾಡಿದ ಮೇಲೆ ಲಾಭ ಎಷ್ಟು? ಐರೋಪ್ಯ ಒಕ್ಕೂಟದ 2002ರ ಕಂಪನ ನಿರ್ದೇಶನದಲ್ಲಿ ಎಂಟು ಗಂಟೆ ಕೆಲಸದ ದಿನಕ್ಕೆ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಚ್ಚರಿಕೆಯ ಗೆರೆ, 1.15 ಮೇಲ್ಮಿತಿ. ಸೀಟಿನ ಮೇಲೆ 1.0 ಇರುವ ಕುಲುಕಿನಲ್ಲಿ ಎಚ್ಚರಿಕೆಯ ಗೆರೆ ಎರಡೇ ಗಂಟೆಗೆ ಮುಟ್ಟುತ್ತದೆ. ಸೀಟು ಅದನ್ನು 0.7ಕ್ಕೆ ಇಳಿಸಿದರೆ ಅದೇ ಗೆರೆ ಮುಟ್ಟಲು ನಾಲ್ಕು ಗಂಟೆ ಬೇಕು. ಕುಲುಕು ಮೂರರಲ್ಲೊಂದು ಪಾಲು ಕಡಿಮೆಯಾದರೂ ಸಾಕು, ಸಮಯ ದುಪ್ಪಟ್ಟು. ಲೆಕ್ಕ ಹೀಗೆ ಓಡುವುದರಿಂದಲೇ ಸೀಟಿಗಿಂತ ಮೊದಲು ಗೇರ್ ಒಂದು ಇಳಿಸುವುದು ಅಗ್ಗದ ಮದ್ದು. ಹೊಲದ ನಿಧಾನ ಉಳುಮೆಗಿಂತ ಖಾಲಿ ಗಾಡಿಯನ್ನು ಮಣ್ಣು ದಾರಿಯಲ್ಲಿ ಜೋರಾಗಿ ಓಡಿಸಿಕೊಂಡು ಮನೆಗೆ ಬರುವ ಅರ್ಧ ಗಂಟೆಯೇ ಬೆನ್ನಿಗೆ ಹೆಚ್ಚು ಕೆಡುಕು ಮಾಡುವುದುಂಟು.

ಸೀಟು ಬದಲಿಸಿದರೂ ಉಳಿಯುವ ನೋವು

ಮೊದಲನೆಯದು ಟೈರಿನದ್ದು. ರಸ್ತೆಯ ಭಾರಕ್ಕೆಂದು ಹಿಂದಿನ ಟೈರಿಗೆ 28–30 ಪಿಎಸ್ಐ ತುಂಬಿಸಿ ಅದನ್ನೇ ಹೊಲಕ್ಕೂ ಇಳಿಸಿದರೆ ಎಂಥ ಸೀಟೂ ಸೋಲುತ್ತದೆ. ಟೈರಿನ ಭಾರದ ಪಟ್ಟಿ ಒಪ್ಪುವುದಾದರೆ ಹೊಲದಲ್ಲಿ 14–16 ಪಿಎಸ್ಐ ಸಾಕು. ಹಿಡಿತಕ್ಕೆಂದು ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿದ್ದರೆ ಒಳಗೆ ಅಮುಕಲು ಉಳಿಯುವ ಗಾಳಿ ಸ್ವಲ್ಪವೇ, ಟೈರು ಬಹಳ ಗಟ್ಟಿಯಾಗಿ ವರ್ತಿಸುತ್ತದೆ. ಉಳುಮೆ ಮುಗಿದು ಬರೀ ಸಾಗಾಟ ಇದ್ದಾಗ ಆ ನೀರನ್ನು ಇಳಿಸುವುದು ಒಳ್ಳೆಯದು.

ಟ್ರೈಲರ್ ಎಳೆಯುವಾಗ ಬೆನ್ನನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುವುದು ಹಿಚ್ ಪಿನ್ನಿನ ಸಡಿಲ. 25 ಮಿ.ಮೀ. ಪಿನ್ನು 32 ಮಿ.ಮೀ.ಗೆ ಸವೆದ ತೂತಿನಲ್ಲಿ ಕೂತಿದ್ದರೆ ಪ್ರತಿ ಬ್ರೇಕಿಗೂ ಎರಡು ಗುದ್ದು. ತೂತಿಗೆ ಬುಷ್ ಹಾಕಿಸಿ ಹೊಂದುವ ಪಿನ್ನು ಹಾಕಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಕತ್ತರಿ ಸೀಟು ಈ ದಿಕ್ಕಿನಲ್ಲಿ ಏನೂ ಮಾಡುವುದಿಲ್ಲ. ಐಎಸ್ಒ 2631 ಲೆಕ್ಕದಲ್ಲಿ ಮುಂದೆ-ಹಿಂದಿನ, ಅಕ್ಕಪಕ್ಕದ ಕಂಪನವನ್ನು 1.4ರಿಂದ ಗುಣಿಸಿ ನೋಡುವುದರಿಂದ ಇದು ಸಣ್ಣ ವಿಷಯವೂ ಅಲ್ಲ. ಮುಂದೆ-ಹಿಂದೆ ಜಾರುವ ಹೆಚ್ಚುವರಿ ತಟ್ಟೆ ಇರುವ ಸೀಟುಗಳಿವೆ. ಸಾಗಾಟವೇ ಹೆಚ್ಚಿರುವವರಿಗೆ ಮಾತ್ರ ಅವು ಉಪಯುಕ್ತ, ಉಳುವಾಗ ಅದನ್ನು ಲಾಕ್ ಮಾಡಬೇಕು.

ಕತ್ತು ಹಿಡಿಯುವುದು ಹಿಂದೆ ತಿರುಗಿ ನೋಡುವುದರಿಂದ. ನೇಗಿಲಿನ ಸಾಲು ನೋಡಲು ಸದಾ ಬಲಕ್ಕೇ ತಿರುಗುವವರ ಬಲ ಭುಜ, ಬಲ ಕತ್ತು ಮೊದಲು ಕೈಕೊಡುತ್ತವೆ. ಮೈ ತಿರುಚಿದಾಗಲೇ ಪೆಟ್ಟೂ ಬಿದ್ದರೆ ಬಿಲ್ಲೆಗೆ ಇನ್ನೂ ಕಷ್ಟ. ಇಲ್ಲಿ ಸೀಟಿನ ಒಂದು ಆಯ್ಕೆ ದುಡ್ಡಿಗೆ ತಕ್ಕದ್ದು: 15–20 ಡಿಗ್ರಿ ತಿರುಗಿ ಲಾಕ್ ಆಗುವ ತಿರುಗುತಟ್ಟೆ. ಇಡೀ ಮೈ ಸೀಟಿನೊಂದಿಗೇ ತಿರುಗುವುದರಿಂದ ಕತ್ತು ತಿರುಗಿಸುವುದು ಅಷ್ಟರಮಟ್ಟಿಗೆ ಉಳಿಯುತ್ತದೆ. ತಟ್ಟೆ ಸೇರಿದರೆ ಎತ್ತರ ಇನ್ನೂ ಮೂರ್ನಾಲ್ಕು ಸೆಂ.ಮೀ. ಏರೀತು, ಅಳತೆಗೆ ಸೇರಿಸಿಕೊಳ್ಳಿ. ತಿರುಗುತಟ್ಟೆ ಬೇಡವೆಂದರೆ ಮಡ್‌ಗಾರ್ಡಿಗೆ ಉಬ್ಬು ಕನ್ನಡಿ ಕಟ್ಟಿ, ಉಪಕರಣ ಅದರಲ್ಲಿ ಕಾಣುವಂತೆ ಹೊಂದಿಸಿ.

ಭುಜ, ಮುಂಗೈ ನೋವಿಗೆ ಹೆಚ್ಚಾಗಿ ಕಾರಣ ಮುಂದಿನ ಆಕ್ಸಲ್. ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ ಸವೆದಿದೆ, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಬಾಲ್ ಸಡಿಲಾಗಿದೆ, ಗ್ರೀಸ್ ನಿಪ್ಪಲಿನಲ್ಲಿ ಮಣ್ಣು ಗಟ್ಟಿಯಾಗಿದೆ. ಚಕ್ರ ಹಿಡಿಯಲು ಕೈ ಸದಾ ಬಿಗಿದಿರಬೇಕಾಗುತ್ತದೆ. ದಿನಕ್ಕೊಮ್ಮೆ, ಅಂದರೆ ಸುಮಾರು 10 ಗಂಟೆಗೊಮ್ಮೆ, ಹಳೇ ಗ್ರೀಸ್ ಅಂಚಿನಿಂದ ಹೊರಬರುವವರೆಗೆ ಗನ್ ಹೊಡೆದರೆ ಸ್ಟೀರಿಂಗ್ ಎಷ್ಟು ಹಗುರಾಗುತ್ತದೆ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಸ್ಟೀರಿಂಗ್ ನಾಬ್ ಬಗ್ಗೆ ನಮಗೆ ಒಲವಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ತಟ್ಟನೆ ಸುತ್ತುತ್ತದೆ, ನಾಬ್ ಬೆರಳನ್ನೋ ಮಣಿಕಟ್ಟನ್ನೋ ಮುರಿಯಬಲ್ಲದು. ಇದೇ ಕಾರಣಕ್ಕೆ ಹೆಬ್ಬೆರಳನ್ನು ಚಕ್ರದ ಒಳಗೆ ಸುತ್ತದೆ, ಅಂಚಿನ ಮೇಲೆಯೇ ಇಟ್ಟು ಹಿಡಿಯಬೇಕು.

ಎಡ ಮಂಡಿಯ ಮಾತು ಚಿಕ್ಕದು. ಕ್ಲಚ್ ಪೆಡಲಿನ ಶಾಫ್ಟ್ ಒಣಗಿದ್ದರೆ ಎಣ್ಣೆ ಕಾಣಿಸಿ, ಆಮೇಲೆ ಫ್ರೀ ಪ್ಲೇ, ಅಂದರೆ ಕ್ಲಚ್ ಹಿಡಿಯುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ದೂರ ನೋಡಿ. ಹಲವು ಹಳೇ ಮಾದರಿಗಳಲ್ಲಿ ಅದು 20–25 ಮಿ.ಮೀ. ಇಷ್ಟರಲ್ಲೇ ಅರ್ಧ ನೋವು ಹೋಗುತ್ತದೆ.

ಉಳಿದ ಸಾಮಾನುಗಳು

ಜೆಲ್ ದಿಂಬು ಕೂರುವ ಎಲುಬಿನ ಒತ್ತಡವನ್ನು ಹರಡುತ್ತದೆ, ಅಷ್ಟರಮಟ್ಟಿಗೆ ಸರಿ. ಕುಲುಕನ್ನು ತಡೆಯುವುದಿಲ್ಲ, ಬಿಸಿಲಲ್ಲಿ ಬಿಟ್ಟರೆ ಕಾದ ಹೆಂಚು. ಸೀಟು ಬದಲಿಸಲಾಗದವರು 3–4 ಸೆಂ.ಮೀ.ನ ಗಟ್ಟಿ ಫೋಮ್ ತೆಗೆದುಕೊಳ್ಳಲಿ. ಮುಷ್ಟಿಯಿಂದ ಜೋರಾಗಿ ಒತ್ತಿದಾಗ ಕೆಳಗಿನ ತಟ್ಟೆ ಕೈಗೆ ತಾಗಬಾರದು. ಸೊಂಟದ ಬೆಲ್ಟು ಕುಲುಕನ್ನು ಎಳ್ಳಷ್ಟೂ ತಗ್ಗಿಸುವುದಿಲ್ಲ, ನೆಟ್ಟಗೆ ಕೂರುವುದನ್ನು ನೆನಪಿಸುತ್ತದೆ ಅಷ್ಟೇ. ಮುಲಾಮು ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಲಿ, ರಾತ್ರಿ ನಿದ್ದೆಗೆ ಆದೀತು.

ಖರ್ಚಿಲ್ಲದ್ದು ಎರಡಿವೆ. ಮುಕ್ಕಾಲು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯುವುದು ಒಂದು. ಇಳಿಯುವಾಗ ಟ್ರ್ಯಾಕ್ಟರಿಗೆ ಮುಖ ಮಾಡಿ, ಮೂರು ಕಡೆ ಹಿಡಿತ ಇಟ್ಟುಕೊಂಡು ಇಳಿಯಬೇಕು, ಧುಮುಕಬಾರದು. ಇನ್ನೊಂದನ್ನು ಹೆಚ್ಚಿನವರು ಮಾಡುವುದಿಲ್ಲ: ಗಂಟೆಗಟ್ಟಲೆ ಕುಲುಕಿಸಿಕೊಂಡು ಇಳಿದ ತಕ್ಷಣ 50 ಕೆ.ಜಿ. ಮೂಟೆಗೆ ಕೈ ಹಾಕದಿರುವುದು. ಕೂತಷ್ಟು ಹೊತ್ತು ಬೆನ್ನಿನ ಕಟ್ಟುಗಳು ಸಡಿಲಾಗಿ, ಸ್ನಾಯು ದಣಿದಿರುತ್ತದೆ. ಸೊಂಟ ಉಳುಕುವುದು ಆ ಹೊತ್ತಿನಲ್ಲೇ. ಹತ್ತು ನಿಮಿಷ ಓಡಾಡಿ ಆಮೇಲೆ ಎತ್ತಲಿ.

ನೋವು ಪೃಷ್ಠದಿಂದ ಮಂಡಿ ದಾಟಿ ಪಾದಕ್ಕೆ ಇಳಿಯುತ್ತಿದ್ದರೆ, ಕಾಲಿನ ಹೆಬ್ಬೆರಳು ಎತ್ತಲು ಆಗದಿದ್ದರೆ ಸೀಟಿನ ಅಂಗಡಿ ಬಿಟ್ಟು ವೈದ್ಯರ ಹತ್ತಿರ ಹೋಗಬೇಕು. ತೊಡೆಸಂದು ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆ.

ಬಾಳಿಕೆ, ಹಳೇ ಸೀಟು ಕೊಳ್ಳುವುದು

ಕತ್ತರಿ ಸೀಟಿನಲ್ಲಿ ಮೊದಲು ಸೋಲುವುದು ಶಾಕ್ ಅಬ್ಸಾರ್ಬರ್. ಸರಳಿನ ಸುತ್ತ ಎಣ್ಣೆ ಕಂಡು, ಅದಕ್ಕೆ ದೂಳು ಮೆತ್ತಿಕೊಂಡು ಕಪ್ಪು ಉಂಗುರವಾಗಿದ್ದರೆ ಬದಲಿಸುವ ಕಾಲ. ಎರಡು ಪಿನ್ನಿನ ಕೆಲಸ, ಆದರೆ ಬಿಡಿಭಾಗ ಸಿಗುತ್ತದೆಯೇ ಎಂದು ಸೀಟು ಕೊಳ್ಳುವ ದಿನವೇ ಕೇಳಿಡಿ. ಆಮೇಲೆ ನೈಲಾನ್ ರೋಲರ್‌ಗಳು. ಅವಕ್ಕೆ ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ಮರಳು ಅಂಟಿ ಅರದಂತೆ ತೇಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಗುಸ್ಸೆ ಹರಿದಿದ್ದರೆ ಕೂಡಲೇ ಹಾಕಿಸಿ, ಹುಲ್ಲು ಹೊಟ್ಟು ಒಳಗೆ ಸೇರಿ ಇಲಿ ಗೂಡು ಕಟ್ಟಿದ ಸೀಟುಗಳು ಬಿಚ್ಚಿದಾಗ ಸಿಗುತ್ತಲೇ ಇರುತ್ತವೆ. ರಾತ್ರಿ ನಿಲ್ಲಿಸುವಾಗ ದಿಂಬನ್ನು ಮುಂದಕ್ಕೆ ಮಗುಚಿಡಿ, ನೀರು ನಿಂತು ಫೋಮ್ ಕೊಳೆಯುವುದಿಲ್ಲ.

ಬಳಸಿದ ಸೀಟು ಕೊಳ್ಳುವವರು ಬಟ್ಟೆ, ದಿಂಬು ನೋಡಿ ಮರುಳಾಗಬೇಡಿ, ಅವನ್ನು ಬದಲಿಸುವುದು ಸುಲಭ. ಸೀಟಿನ ಬೆನ್ನನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ಮೇಲ್ತುದಿ ಒಂದೆರಡು ಸೆಂ.ಮೀ.ಗಿಂತ ಹೆಚ್ಚು ಓಲಾಡಿದರೆ ಕತ್ತರಿಯ ಪಿನ್ನುಗಳು ತಮ್ಮ ತೂತನ್ನು ಮೊಟ್ಟೆಯಾಕಾರಕ್ಕೆ ಸವೆಸಿವೆ. ತೂಕದ ನಾಬನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತಿರುಗಿಸಿ ನೋಡಿ. ವರ್ಷಗಟ್ಟಲೆ ಒಂದೇ ಕಡೆ ನಿಂತ ನಾಬಿನ ಸ್ಕ್ರೂ ತುಕ್ಕು ಹಿಡಿದು, ಬಲವಂತಕ್ಕೆ ತುಂಡಾಗುತ್ತದೆ. ತಿರುಗದಿದ್ದರೆ ಆ ಸೀಟು ಹಿಂದಿನವರ ತೂಕದವರಿಗೆ ಮಾತ್ರ.